ಊಟದ ಡಬ್ಬಿಯ ಉದಾಹರಣೆ

ಪ್ರೀತಿಯ ಪುಟ್ಟಿ,

ದಿವಾಳಿ ಕಂಪನಿಗಳನ್ನು ವಹಿಸಿಕೊಳ್ಳುವ ಆಡಳಿತಗಾರರ ಪರವಾಗಿ ನೀನು ಕೆಲಸ ಮಾಡುವ ಸಂಘ ಹಟ ಹಿಡಿದು ತಂದ ನಿಯಮದ ಪ್ರಕಾರ ನಮ್ಮ ಕಾರ್ಖಾನೆಗೆ ಬೀಗ ಜಡಿದರು. ನನ್ನ ಸ್ವಂತ ಟೂಲ್ಸ್ ಒಳಗೇ ಉಳಿದಿವೆ. ನಿಯಮವನ್ನು ಚೆನ್ನಾಗಿಯೇ ಬರೆದಿದ್ದೀಯ, ಎಲ್ಲೂ ಒಂದು ಸಂದೂ ಇಲ್ಲ.

ಅವನ್ನು ಕೇಳಲು ಹೋದಾಗ "ಒಂದು ಮೊಳೆನೂ ಹೊರಗೆ ಹೋಗೋ ಹಾಗಿಲ್ಲ" ಎಂದ ಆಡಳಿತಗಾರರು, ಈ ನಿಯಮಕ್ಕಾಗಿ ಸರ್ಕಾರದ ಸಮಿತಿಯ ಮುಂದೆ ನೀನು ಕೊಟ್ಟ ಉದಾಹರಣೆಯನ್ನೂ ಹೇಳಿದರು: ಹಿಂದೆ ಗಿರಣಿ ಮುಚ್ಚಿದ ದಿನ ಒಬ್ಬ ಕೆಲಸಗಾರ ಊಟದ ಡಬ್ಬಿಯಲ್ಲಿ ಟೂಲ್ಸ್ ಕದ್ದೊಯ್ದನಂತೆ. ಎಲ್ಲರೂ ನಕ್ಕರು. ನನ್ನ ಜೊತೆ ಬಂದಿದ್ದ ಅಪ್ಪ ನಗಲಿಲ್ಲ.

ಡಬ್ಬಿಯಲ್ಲಿ ತಂದ ಆ ಟೂಲ್ಸ್‌ನಿಂದ ದುಡಿದೇ ಅವರು ನಿನ್ನನ್ನು ಓದಿಸಿದ್ದು.

ನನಗಾಗಿ ಯಾರ ಹತ್ತಿರವೂ ಕೇಳಬೇಡ. ಅಪ್ಪನಿಗೊಂದು ಫೋನ್ ಮಾಡು, ಸರಿಯಾಗಿ ಊಟ ಮಾಡುತ್ತಿಲ್ಲ. ಆ ಟೂಲ್ಸ್ ಅವರ ಸ್ವಂತದವೆಂದು ನಿನಗೆ ಗೊತ್ತಿರಲಿಲ್ಲ ಎಂದು ಅವರಿಗೆ ಹೇಳಿದ್ದೇನೆ. ನೀನೂ ಹಾಗೆಯೇ ಹೇಳು.

ಇಂತಿ,
ನಿನ್ನ ಅಣ್ಣ