ಹ್ಯಾಂಪ್ಟನ್ ರೋಡ್ಸ್‌ನಿಂದ ವಾಪಸು ಬಂದ ಚೊಂಬು

ಆಲ್ಡಿ, ವರ್ಜೀನಿಯಾ
27 ಅಕ್ಟೋಬರ್ 1996, ಭಾನುವಾರ

ಚಿ. ದತ್ತೂಗೆ,

ಹಾಗಲ್ಲ, ನಿನ್ನೆ ಫೋನ್ ಇಟ್ಟದ್ದು ಸಿಟ್ಟಿನಿಂದಲ್ಲ. "ಭಾವ, ಅಕ್ಕನ ಅಸ್ಥಿ ಕೊಡ್ತೀರೋ ಇಲ್ವೋ, ಒಂದು ಮಾತು ಹೇಳ್ಬಿಡಿ, ನಾನು ಟಿಕೆಟ್ ಬುಕ್ ಮಾಡ್ಬೇಕು" ಎಂದು ನೀನು ಕೇಳಿದಾಗ ನಿಜ ಹೇಳಲು ಹೆದರಿ ಇಟ್ಟುಬಿಟ್ಟೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಅದಕ್ಕೂ ಬರೆಯಲಿಲ್ಲ. ಎರಡನ್ನೂ ಹೊಟ್ಟೆಗೆ ಹಾಕಿಕೋ. ಬೆನ್ನುನೋವು ಹೇಗಿದೆ? ನಿನ್ನ ಹೆಂಡತಿ ನೀರಜಾ ಅಟ್ಲಾಂಟಾದ ಆ ಟ್ರಾಫಿಕ್ಕಿನಲ್ಲಿ ಈಗಲೂ ಅಷ್ಟು ದೂರ ಕೆಲಸಕ್ಕೆ ಹೋಗುತ್ತಾಳೆಯೇ?

ನಿನ್ನಕ್ಕ ಕಾತ್ಯಾಯಿನಿ ಗರಾಜಿನಲ್ಲಿದ್ದಾಳೆ. ಅಸ್ಥಿ ಮನೆಯೊಳಗೆ ಇಡಬಾರದು ಎನ್ನುತ್ತಾರಲ್ಲ, ಊರಿನಲ್ಲಾದರೆ ಮರಕ್ಕೆ ಕಟ್ಟುತ್ತಿದ್ದರು. ಇಲ್ಲಿ ಕಟ್ಟಿದರೆ ಹಕ್ಕಿಗೆ ಕಾಳಿಟ್ಟಿದ್ದಾರೆ ಎಂದುಕೊಂಡಾರು. ತಾಮ್ರದ ಚೊಂಬಿಗೆ ಬಿಳಿ ಬಟ್ಟೆ ಕಟ್ಟಿ, ಹುಲ್ಲು ಕತ್ತರಿಸುವ ಯಂತ್ರದ ಮೇಲಿನ ಗೂಟಕ್ಕೆ ನೇತುಹಾಕಿದ್ದೇನೆ. ಎರಡು ತಿಂಗಳಿಂದ ಕಾರು ಹೊರಗೇ ನಿಲ್ಲುತ್ತಿದೆ.

ಈಗ ನಿಜ ಹೇಳುತ್ತೇನೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟು ಬರುತ್ತೇನೆ ಎಂದು ನೀನು ಬರೆದದ್ದನ್ನು ಓದಿದ ಕೂಡಲೇ, ನಿನಗಿಂತ ಮುಂಚೆ ನಾನೇ ಬಿಟ್ಟುಬಿಡಬೇಕು ಎನ್ನಿಸಿತು. ಭಕ್ತಿಯಲ್ಲ, ಹಟ. ಭೂಪಟ ಬಿಡಿಸಿದೆ. ಮೂರೂವರೆ ಗಂಟೆಯ ದಾರಿಯಲ್ಲಿ ಹ್ಯಾಂಪ್ಟನ್ ರೋಡ್ಸ್ ಸಿಕ್ಕಿತು. ಹೆಸರಿಗೆ ರಸ್ತೆ, ಇರುವುದೆಲ್ಲ ನೀರು. ಜೇಮ್ಸ್, ನ್ಯಾನ್ಸ್‌ಮಂಡ್, ಎಲಿಜಬೆತ್ ಮೂರೂ ನದಿ ಕೂಡಿ ಕಡಲಿಗೆ ಹೋಗುವ ಜಾಗ. ಇದೂ ಸಂಗಮವೇ ಎಂದುಕೊಂಡೆ. ಬೇಡವೆನ್ನಲು ಮನೆಯಲ್ಲಿ ಯಾರಿದ್ದಾರೆ?

ಹೋದ ವಾರ ಹೊರಟೆ. ಪಕ್ಕದ ಬೀದಿಯ ಪ್ರತಾಪ್, ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರು, ಕಾರು ಓಡಿಸಿದರು. "ಪ್ರೈವೇಟ್ ಬೋಟ್ ಯಾವ್ದೂ ಸಿಗ್ತಿಲ್ಲ ಅಂಕಲ್. ಟೂರ್ ಬೋಟ್‌ನಲ್ಲೇ ಹೋಗೋಣ. ಹಿಂದ್ಗಡೆ ನಿಂತು ಸೈಲೆಂಟಾಗಿ ಮುಗಿಸ್ಬಿಡಿ, ಯಾರಾದ್ರೂ ಬಂದ್ರೆ ನಾನು ಮಾತಾಡಿಸ್ತಾ ಇರ್ತೀನಿ" ಎಂದರು. ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಹೋದೆ.

ದೋಣಿಯಲ್ಲಿ ಮೈಕು ಹಿಡಿದ ಮುದುಕನೊಬ್ಬ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಮಾರ್ಚಿನಲ್ಲಿ, ಈ ನೀರಿನಲ್ಲೇ ಕಬ್ಬಿಣದ ಹಡಗುಗಳು ಮೊದಲ ಸಲ ಕಾದಾಡಿದವಂತೆ. ಮೊದಲ ದಿನ ದಕ್ಷಿಣದವರ ಹಡಗು ಮನೆಯ ಮಾಡಿನಂತೆ ಕಬ್ಬಿಣ ಹೊದ್ದು ಬಂದು, ಉತ್ತರದವರ ಮರದ ಹಡಗಿಗೆ ಮೂತಿಯಿಂದ ಗುದ್ದಿತು. ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಉತ್ತರದವರದೂ ಒಂದು ಕಬ್ಬಿಣದ ಹಡಗು ಬಂತು, ಮಣೆಯ ಮೇಲೆ ತಿರುಗುವ ಡಬ್ಬಿ ಇಟ್ಟ ಹಾಗೆ. ನಾಲ್ಕು ಗಂಟೆ ಒಂದರ ಮೈಗೊಂದು ತಾಗುವಷ್ಟು ಹತ್ತಿರದಿಂದ ಗುಂಡು ಹಾರಿಸಿದವು. ಗುಂಡೆಲ್ಲ ಪುಟಿದು ನೀರಿಗೆ. ಕೊನೆಗೆ ಇಬ್ಬರೂ ತಾವೇ ಗೆದ್ದೆವು ಎಂದುಕೊಂಡು ಹಿಂದಿರುಗಿದರು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟರು ಯಾರೂ ತಡೆಯಲಾಗದ 'ಇರ್ರೆಸಿಸ್ಟಿಬಲ್ ಫೋರ್ಸ್' ಹೋಗಿ ಯಾರೂ ಕದಲಿಸಲಾಗದ 'ಇಮ್ಮೂವಬಲ್ ಆಬ್ಜೆಕ್ಟ್'ಗೆ ಬಡಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಉತ್ತರವನ್ನೂ ಹೇಳಿದ್ದರು, ಮರೆತಿದ್ದೇನೆ.

ನಾನು ಕೋಟಿನ ಜೇಬಿಗೆ ಕೈ ಹಾಕಿದೆ. ಒಳಗೆ ಪುಟ್ಟ ಟೇಪ್‌ರೆಕಾರ್ಡರ್ ಇತ್ತು, ದತ್ತೂ. ಮಂತ್ರ ಬರುವುದಿಲ್ಲವಲ್ಲ ನನಗೆ, ಕ್ಯಾಸೆಟ್ ತಂದಿದ್ದೆ.

ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಎಂಟು ವರ್ಷದ ಹಿಂದೆ, ನಿನ್ನ ಗೃಹಪ್ರವೇಶದ ದಿನ ಪುರೋಹಿತರು ಬರಲಾಗದೆ ನೀನು ಕ್ಯಾಸೆಟ್ ಹಾಕಿ ಪೂಜೆ ಮಾಡಿದೆ. ಊಟದ ಪಂಕ್ತಿಯಲ್ಲಿ ನಲವತ್ತು ಜನರೆದುರು ನಾನು "ಏನಯ್ಯಾ, ನಿನ್ನ ಮನೆಗೆ ಟೇಪ್‌ರೆಕಾರ್ಡರ್ ಶಾಸ್ತ್ರಿಗಳು ಬಂದಿದ್ದಾರಾ?" ಎಂದೆ. ಎಲ್ಲರೂ ನಕ್ಕರು. "ನಿಮ್ಮ ಗೃಹಪ್ರವೇಶಕ್ಕೆ ಅವ್ರೂ ಬಂದಿರ್ಲಿಲ್ವಲ್ಲ ಭಾವ" ಎಂದು ನೀನು ಎಲೆ ಬಿಟ್ಟು ಎದ್ದೆ. ಅಷ್ಟೇ. ಅಷ್ಟಕ್ಕೆ ಎಂಟು ವರ್ಷ ಮಾತು ಬಿಟ್ಟೆವು. ಎಂದಾದರೊಂದು ಭಾನುವಾರ ಕಾತ್ಯಾಯಿನಿ ನಿನಗೆ ಫೋನ್ ಮಾಡಿದರೆ ನಾನು ಟೀವಿಯ ಸದ್ದು ಜೋರು ಮಾಡುತ್ತಿದ್ದೆ. ಅವಳು ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದಳು.

"ಅಂಕಲ್, ಬೋಟ್ ಟರ್ನ್ ಆಗ್ತಿದೆ, ಬೇಗ" ಎಂದರು ಪ್ರತಾಪ್.

"ಬೇಡಪ್ಪ. ಇವಳ ತಮ್ಮ ಬಂದಿಲ್ಲ" ಎಂದೆ.

ದಡ ಮುಟ್ಟಿದಾಗ ಅವರು ಕೈ ಹಿಡಿದು ಇಳಿಸಿಕೊಂಡರು. ದಾರಿಯಲ್ಲಿ ಕಾಫಿ ಕೊಡಿಸಿದರು.

ಚೊಂಬು ಮತ್ತೆ ಗೂಟದಲ್ಲಿದೆ. ಬಂದು ತೆಗೆದುಕೊಂಡು ಹೋಗು. ಬೇಡವೆನ್ನದಿದ್ದರೆ ಶ್ರೀರಂಗಪಟ್ಟಣಕ್ಕೆ ನಾನೂ ಬರುತ್ತೇನೆ. ವಿಮಾನದಲ್ಲಿ ಬೇರೆ ಸಾಲಿನಲ್ಲಿ ಕೂತರೂ ಆದೀತು. ಸುಸ್ತಾಗಿದೆ ಕಣೋ, ಗೆಲ್ಲುವುದಕ್ಕೂ ಸುಸ್ತು.

ನೀನೂ ನೀರಜಾಳೂ ನೂರು ಕಾಲ ಒಟ್ಟಿಗಿರಿ.

ನಿನ್ನ ಭಾವ,
ಅನಂತ

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ರಾತ್ರೋರಾತ್ರಿ ಹೋಗಿಬಿಟ್ಟಳು, ತಿಳಿಸಲು ಹೊತ್ತಿರಲಿಲ್ಲ ಎಂದು ನಿನಗೆ ಹೇಳಿದ್ದೆ. ಹೊತ್ತಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೆಯ ದಿನ ಆಕ್ಸಿಜನ್ ಮಾಸ್ಕ್ ಸರಿಸಿ, "ರೀ, ದತ್ತೂಗೊಂದು ಫೋನ್ ಮಾಡ್ರೀ" ಎಂದಳು. "ಮೊದಲು ಅವನು ಮಾಡಲಿ" ಎಂದೆ. ಆಮೇಲೆ ಕೇಳಲಿಲ್ಲ. ಬಾಗಿಲ ಕಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಇದನ್ನು ಓದಿದ ಮೇಲೂ ಬಾ ಎನ್ನುವ ಬಾಯಿ ನನಗಿಲ್ಲ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಹೇಳು, ಪ್ರತಾಪ್ ಚೊಂಬು ತಂದುಕೊಡುತ್ತಾರೆ. ಇವತ್ತಿನಿಂದ ಗಡಿಯಾರ ಒಂದು ಗಂಟೆ ಹಿಂದೆ, ಆಗಲೇ ಬೆಳಕು ಹೋಗುತ್ತಿದೆ. ಗರಾಜಿನ ದೀಪ ಹಾಕಿ ಬರಬೇಕು. ಅವಳಿಗೆ ಕತ್ತಲೆಂದರೆ ಆಗದು, ನಿನಗೆ ಗೊತ್ತಲ್ಲ.