ಬಾಗಿಲಿಗಿಟ್ಟ ಕುಂಕುಮ

ಅಪ್ಪಾ,

ಮೊದಲು ಕೂತುಕೊಳ್ಳಿ. ನಿಂತುಕೊಂಡು ಕೇಳುವ ವಿಷಯವಲ್ಲ ಇದು. ಹೋದಲ್ಲಿ ಒಂದು ಸ್ಟೂಲಾದರೂ ಕೊಟ್ಟಿದ್ದಾರೋ ಇಲ್ಲವೋ...

ಆಯುಧಪೂಜೆಯ ಆ ಬೆಳಿಗ್ಗೆ ನೆನಪಿದೆಯಾ? ನಮ್ಮ ಕಾಲೇಜಿನವರು ಸೇರಿ ಕಟ್ಟಿದ ಉಪಗ್ರಹ, ಎರಡು ಕೈಯಲ್ಲಿ ಹಿಡಿಯುವಷ್ಟೇ ಇದ್ದದ್ದು, ಒಂದು ತೂತು ಸರಿಮಾಡಿಸಿಕೊಳ್ಳಲು ಕಾಮಾಕ್ಷಿಪಾಳ್ಯದ ನಿಮ್ಮ ಶೆಡ್ಡಿಗೆ ಬಂದಿತ್ತು. ಅದರ ಅಲ್ಯೂಮಿನಿಯಂ ಚೌಕಟ್ಟು ಮಾಡಿಕೊಟ್ಟವರು ನೀವೇ ತಾನೇ. ಲೇತಿಗೆ, ಡ್ರಿಲ್ಲಿಗೆ, ಹಳೇ ಸ್ಕೂಟರಿಗೆ ಅರಿಶಿನ ಕುಂಕುಮ ಇಟ್ಟು ಬಂದು ಅದರ ಮುಂದೆ ನಿಂತಿರಿ. "ಆಕಾಶಕ್ಕೆ ಹೋಗೋ ಮಗು, ಬರೀ ಹಣೇಲಿ ಕಳಿಸ್ತೀರೇನಮ್ಮಾ?" ಎಂದು ಲೇತಿನ ಎಣ್ಣೆ ಅಂಟಿದ ಬೆರಳಿನಿಂದಲೇ ಅದರ ಪುಟ್ಟ ಬಾಗಿಲಿಗೆ ಬೊಟ್ಟಿಟ್ಟಿರಿ. ನಾವೆಲ್ಲ ಕೈ ಮುಗಿದೆವು. ಆಮೇಲೆ ಬೊಟ್ಟನ್ನು ಬಟ್ಟೆಯಲ್ಲಿ ಒರೆಸಿ, ಉಪಗ್ರಹ ಎತ್ತಿಕೊಂಡು ಹೋದೆವು.

ಆ ಬಾಗಿಲ ಹಿಂದೆಯೇ ಆಂಟೆನಾ ಮಡಚಿಕೊಂಡು ಕೂತಿತ್ತು. ಮೇಲೆ ಹೋದ ಮೇಲೆ ಬಾಗಿಲು ತೆರೆದರೆ ಆಂಟೆನಾ ಚಾಚಿಕೊಳ್ಳಬೇಕು, ಆಗ ಉಪಗ್ರಹ ಮಾತಾಡಬೇಕು. ಮಾತಾಡಲಿಲ್ಲ. ದಿನಾ ಸಂಜೆ ಚಂದ್ರಾ ಲೇಔಟಿನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನೀವು ಕೇಳುತ್ತಿದ್ದದ್ದು ಒಂದೇ: "ಏನಮ್ಮಾ, ಮಾತಾಡ್ತಾ?" ಇಲ್ಲ ಅಂದರೆ, "ನಾಳೆ ಮಾತಾಡುತ್ತೆ ಬಿಡು, ಪಾಪ, ಹೊಸ ಜಾಗ" ಅನ್ನುತ್ತಿದ್ದಿರಿ. ಆಸ್ಪತ್ರೆಯ ಮಂಚದ ಮೇಲೂ ಕೇಳಿದಿರಿ. ಆಗಲೂ ಇಲ್ಲ ಅಂದೆ.

ನೀವು ಹೋದ ಮೇಲೆ ಅದರದೇ ಜೋಡಿ ಮಾದರಿಯನ್ನು ಲ್ಯಾಬಿನಲ್ಲಿ ಪರೀಕ್ಷೆಗಿಟ್ಟೆವು. ಹೇಗೆ ಹೇಳಲಿ... ಬಾಗಿಲ ಕೀಲಿನ ಸಂದಿಗೆ ಚೂರು ಎಣ್ಣೆ, ಚೂರು ಕುಂಕುಮ ಸೇರಿಸಿ ಕೊರೆಯುವ ಚಳಿಯಲ್ಲಿಟ್ಟರೆ ಬಾಗಿಲು ಕಚ್ಚಿಕೊಂಡು ಕೂತಿತು. ತೊಳೆದಿಟ್ಟರೆ ತೆರೆಯಿತು. ಮತ್ತೆ ಮತ್ತೆ ಮಾಡಿ ನೋಡಿದೆವು, ಅದೇ. ಮೇಲಿರುವುದನ್ನು ಇಳಿಸಿ ನೋಡಲಾಗದು, ಖಚಿತ ಅಂತ ಯಾರೂ ಹೇಳಲಾರರು. ಆದರೂ ನಿಮ್ಮ ಬೊಟ್ಟೇ ಇರಬೇಕು ಅಪ್ಪಾ. ನಿಮ್ಮ ಮೇಲೆ ಎಂಥಾ ಸಿಟ್ಟು ಬಂತು ಗೊತ್ತಾ? ಆಮೇಲೆ ಅಳು ಬಂತು.

ಚಿಕ್ಕ ಉಪಗ್ರಹ ಕಟ್ಟುವವರು ತಮ್ಮ ಗೆಲುವು ಸೋಲು ಬರೆದು ಹಂಚಿಕೊಳ್ಳುವ ಒಂದು ವೆಬ್‌ಸೈಟ್ ಇದೆ. ನಾವು ಅರ್ಧ ಕಲಿತದ್ದೇ ಅಲ್ಲಿ ಓದಿ. ಇದನ್ನು ಅಲ್ಲಿ ಹಾಕಬೇಕೋ ಬೇಡವೋ? "ಧೂಳು ಸೇರಿತ್ತು ಅಂತ ಬರ್ದು ಮುಗ್ಸು ಗುರು, ಪ್ರಪಂಚ ಎಲ್ಲಾ ನಗುತ್ತೆ" ಎಂದ ನಮ್ಮ ತಂಡದ ಮಂಜು. ಬರೀ ಧೂಳು ಅಂದರೆ ಯಾರಿಗೆ ಎಚ್ಚರವಾಗುತ್ತದೆ ಹೇಳಿ? ಉಪಗ್ರಹ ಜೋಡಿಸುವ ತಮ್ಮ ಕೋಣೆ ಚೊಕ್ಕಟ ಅಂತಲೇ ಎಲ್ಲರೂ ನಂಬಿರುತ್ತಾರೆ. ಅಮ್ಮನಂತೂ ಕೆಂಡವಾದಳು. "ಹೋದೋರ ಮೇಲೆ ತಪ್ಪು ಹೊರ್ಸಿ ಊರಿಗೆಲ್ಲಾ ಡಂಗೂರ ಸಾರ್ತೀಯೇನೇ?"

ಶೆಡ್ ಖಾಲಿ ಮಾಡಲು ಅಮ್ಮನೂ ನಾನೂ ಹೋದೆವು. ನಿಮ್ಮ ಕೈಯಲ್ಲಿ ಕೆಟ್ಟ ಜಾಬುಗಳೆಲ್ಲ, ಅಳತೆ ತಪ್ಪಿ ಕಡೆದ ಬಿಡಿಭಾಗಗಳೆಲ್ಲ, ಬಾಗಿಲ ಪಕ್ಕದ ಮೊಳೆಗೆ ತಂತಿಯಲ್ಲಿ ಹಾಗೇ ನೇತಾಡುತ್ತಿದ್ದವು. ಚಿಕ್ಕವಳಿದ್ದಾಗ ಕೇಳಿದ್ದೆ, ನಾಚಿಕೆ ಆಗಲ್ವಾ ಅಪ್ಪಾ ಅಂತ. "ಬೀದಿಯೋರೆಲ್ಲಾ ಬಂದು ನೋಡ್ಲಿ ಬಿಡಮ್ಮಾ. ನಾನು ಎಡವಿದ ಕಲ್ಲೇ ಅವ್ರೂ ಯಾಕೆ ಎಡವ್ಬೇಕು?" ಅಂದಿದ್ದಿರಿ. ಅಮ್ಮ ಆ ತಂತಿಯನ್ನೇ ನೋಡುತ್ತಾ ನಿಂತಳು. ಸೆರಗಿನಲ್ಲಿ ಒಂದು ಜಾಬಿನ ಧೂಳು ಒರೆಸಿದಳು.

"ಬರಿ. ಕುಂಕುಮ ಅಂತ್ಲೇ ಬರಿ. ಪ್ರೀತಿಯಿಂದ ಇಟ್ಟಿದ್ದು ಅಂತಾನೂ ಬರಿ."

ಬರೆದೆ. ಒರೆಸಿದ ಮೇಲೆ ಕೀಲು ಬಿಚ್ಚಿ ನೋಡದೆ ಹೋದವರು ನಾವು ಅಂತಲೂ ಬರೆದೆ. ನಕ್ಕವರು ನಕ್ಕರು. ಕುಂಕುಮ ಅಂದರೇನು ಅಂತ ಕೇಳಿದವರೂ ಇದ್ದರು. ಯಾವುದೋ ದೂರದೇಶದ ಹುಡುಗಿಯೊಬ್ಬಳು ಮಾತ್ರ, ನಮ್ಮದನ್ನು ಓದಿ ತಮ್ಮ ಉಪಗ್ರಹದ ಕೀಲು ಬಿಚ್ಚಿ ನೋಡಿದೆವು ಎಂದು ಬರೆದಳು. ಕೈಗವಸಿನ ಪುಡಿ ಎಣ್ಣೆಗೆ ಸೇರಿ ಗಟ್ಟಿಯಾಗಿ ಕೂತಿತ್ತಂತೆ. ತೊಳೆದು, ಮೇಲೆ ಕಳಿಸಿದರಂತೆ.

ನಮ್ಮ ಮುಂದಿನದಕ್ಕೂ ಪೂಜೆ ಆಗುತ್ತದೆ, ಚಿಂತೆ ಬೇಡ. ಅದನ್ನು ಸಾಗಿಸುವ ಪೆಟ್ಟಿಗೆಗೆ ಅಮ್ಮನೇ ಬೊಟ್ಟಿಡುತ್ತಾಳೆ, ಜೋಡಿಸುವ ಕೋಣೆಯ ಹೊರಗೆ. ಒಳಗೆ ಮಾತ್ರ ಅವಳನ್ನೂ ಬಿಡುವುದಿಲ್ಲ.

ನಿನ್ನೆ ಸಂಜೆ ಆ ಹುಡುಗಿಯಿಂದ ಇನ್ನೊಂದು ಸಾಲು ಬಂತು. ನೀವು ಚಪ್ಪಲಿ ಬಿಡುತ್ತಿದ್ದ ಜಾಗದಲ್ಲೇ ನಿಂತು ಓದಿದೆ.

ನಮ್ಮದಲ್ಲ, ಅವರದು. ಮಾತಾಡ್ತು ಅಪ್ಪಾ.