ಹೆಲ್ಪರ್ ಅಲ್ಲ ಅನ್ನೋ ಪತ್ರ

೩ ಮಾರ್ಚ್, ಸೋಮವಾರ, ಬೆಳಿಗ್ಗೆ ೬
ಮತ್ತೆ ವೀಸಾ ಪಾಯಿಂಟ್ಸ್ ಕೂಡಿಸಿದೆ. ಅಷ್ಟೇ ಇದೆ. ಮುಂದಿನ ಮಂಗಳವಾರ ನಲವತ್ತು ತುಂಬುತ್ತೆ, ವಯಸ್ಸಿನ ಪಾಯಿಂಟ್ ಇಳಿಯುತ್ತೆ. ಅಷ್ಟರೊಳಗೆ ಎಕ್ಸ್‌ಪ್ರೆಶನ್ ಆಫ್ ಇಂಟರೆಸ್ಟ್ ಹಾಕಬೇಕು. ನಿಮ್ಮ ದೇಶಕ್ಕೆ ಬಂದು ದುಡಿಯೋಕೆ ಆಸಕ್ತಿ ಇದೆ ಅಂತ ಹೇಳಿಕೊಳ್ಳೋ ಫಾರ್ಮು. ಜೀವ ಬಾಯಿಗೆ ಬಂದಿದೆ, ಇವರು ಅದನ್ನ ಆಸಕ್ತಿ ಅಂತಾರೆ.
ಪರೀಕ್ಷೆಗಳೆಲ್ಲ ಪಾಸು. ಅನುಭವದ ಪತ್ರ ಒಂದೇ ಬಾಕಿ.

ಮಧ್ಯಾಹ್ನ
ವರ್ಕ್‌ಶಾಪ್ ಓನರ್‌ನ ಕೇಳಿದೆ. "ಕೊಡ್ತೀನಮ್ಮ. ಹೆಲ್ಪರ್ ಅಂತ ಬರೀತೀನಿ."
ಹನ್ನೊಂದು ವರ್ಷ ಕೃತಕ ಕಾಲು ಮಾಡಿದ್ದೀನಿ. ಅಳತೆ, ಅಚ್ಚು, ಫಿಟಿಂಗ್—ಎಲ್ಲ ನನ್ನ ಕೈ. ಮಾಡಿದವರು ಅನ್ನೋ ಕಡೆ ಸಹಿ ಮಾತ್ರ ಅವರ ಅಳಿಯಂದು. ಹೆಲ್ಪರ್‌ಗೆ ಒಂದು ಪಾಯಿಂಟೂ ಇಲ್ಲ.
"ನಿನ್ನ ಟೆಕ್ನಿಷಿಯನ್ ಅಂತ ಬರೆದರೆ ಅಳಿಯ ಹಾಕಿದ ಸಹಿಗಳ ಗತಿ ಏನು? ನೀನೇ ಹೇಳು."

೫ ಮಾರ್ಚ್
ನಮ್ಮನೆಯವರು ಕಣ್ಣು ಮಂಜಾಗಿ ಬಸ್ ಓಡಿಸೋದು ಬಿಟ್ಟು ಎರಡು ವರ್ಷ. ಮನೆ ನಡೀತಿರೋದು ನನ್ನ ಸಂಬಳದಲ್ಲಿ.
"ಒಂದು ಲೆಟರ್‌ಹೆಡ್, ಒಂದು ಸೀಲು. ನಾವೇ ಮಾಡಿಸೋಣ, ಯಾರಿಗೆ ಗೊತ್ತಾಗುತ್ತೆ?" ಅಂದರು. ಮಗಳು ಹೋಮ್‌ವರ್ಕ್‌ನಿಂದ ತಲೆ ಎತ್ತಿದಳು. ಅವಳ ಮುಂದೆಯೇ ಬೈದೆ.
ಆಮೇಲೆ ಬಟ್ಟೆ ಹಿಂಡ್ತಾ ಅದನ್ನೇ ಯೋಚಿಸಿದೆ...

೭ ಮಾರ್ಚ್
ರಿಟೈರ್ಡ್ ಟೀಚರ್ ಬಂದಿದ್ದರು, ಕಾಲು ಸಡಿಲಾಗಿದೆ ಅಂತ. ಅಳಿಯ ಬಗ್ಗಿದ. "ನೀವು ಬಿಡಿ, ಅವಳನ್ನ ಕರೀರಿ. ಇದನ್ನ ಮಾಡಿದೋಳು ಅವಳು," ಅಂದರು.
ಓನರ್ ಅಲ್ಲೇ ಇದ್ದರು. ಕೇಳಿಸದವರ ಹಾಗೆ ಫೋನ್ ನೋಡ್ತಿದ್ದರು. ಸುಮ್ಮನಿರಬೇಕಿತ್ತು. ಆಗಲಿಲ್ಲ.
"ಸರ್, ಇವರ ಎದುರಿಗೇ ಹೇಳಿಬಿಡಿ. ನಾನು ಹೆಲ್ಪರ್ರಾ?"
ಓನರ್ ಫೋನ್ ಹಿಡಿದೇ ಒಳಗೆ ಹೋದರು. ಸ್ಕ್ರೂ ಬಿಗಿ ಮಾಡಿದೆ. ಟೀಚರ್ ನಾಲ್ಕು ಹೆಜ್ಜೆ ನಡೆದು ನೋಡಿ, ನನ್ನ ಭುಜ ಮುಟ್ಟಿ ಹೋದರು.

೧೦ ಮಾರ್ಚ್, ಸಂಜೆ ೭
ಓನರ್ ಪತ್ರ ಕೊಟ್ಟರು. ಟೆಕ್ನಿಷಿಯನ್. ಹನ್ನೊಂದು ವರ್ಷ. ವಾರಕ್ಕೆ ನಲವತ್ತೆಂಟು ಗಂಟೆ.
"ಇದ್ದಿದ್ದನ್ನೇ ಬರೆದಿದ್ದೀನಿ. ಆದರೆ ನಾಳೆಯಿಂದ ಬರಬೇಡ. ಈ ಕಾಗದ ಹೊರಗೆ ಹೋದಮೇಲೆ ನಿನ್ನ ಇಟ್ಟುಕೊಳ್ಳೋಕಾಗಲ್ಲ."
"ವಾಪಸ್ ಕೊಟ್ಟರೆ?"
"ಎಂದಿನ ಹಾಗೆ ಬಾ."
ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದೆ.
ಮನೆಗೆ ಬಂದು ಫಾರ್ಮ್ ಹಾಕಿಯೂ ಆಯಿತು. ಸ್ಕ್ರೀನ್ ಮೇಲೆ ಬಂತು—ವೀಸಾಗೆ ಅರ್ಜಿ ಹಾಕೋ ಆಹ್ವಾನ ಬರಬಹುದು, ಬಾರದೆಯೂ ಇರಬಹುದು. ಎರಡು ವರ್ಷ ಪಟ್ಟಿಯಲ್ಲಿ ಇಟ್ಟಿರ್ತಾರಂತೆ. ನಮ್ಮನೆಯವರು ಖುಷಿಯಾಗಿ ಮಗಳ ಜೊತೆ ಮ್ಯಾಪ್ ನೋಡ್ತಿದ್ದಾರೆ. ಕೆಲಸ ಹೋದದ್ದು ಹೇಳೋಕೆ ಬಾಯಿ ಬರಲಿಲ್ಲ.

೧೧ ಮಾರ್ಚ್, ಬೆಳಿಗ್ಗೆ ೮:೪೦
ಎಂದಿನ ಹೊತ್ತಿಗೇ ಹೊರಟೆ. ಬಸ್‌ಸ್ಟಾಪಲ್ಲಿ ಕೂತು ಬರೀತಿದ್ದೀನಿ. ನನ್ನ ಬಸ್ಸು ಹೋಯಿತು. ಅದರ ಹಿಂದಿನದೂ ಹೋಯಿತು. ಎಲ್ಲಿಗೆ ಹೋಗಲಿ, ಸಂಜೆ ಆರರ ತನಕ?
ರಸ್ತೆ ಆಚೆ ನಮ್ಮನೆಯವರು. ನಾನು ಮರೆತು ಬಂದ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಗಾಡಿ ಸದ್ದು ಕೇಳಿಸಿಕೊಂಡು ಕಾಲು ಮುಂದಿಡ್ತಾರೆ, ಹಿಂದೆ ತಗೋತಾರೆ. ಇನ್ನೂ ನನ್ನ ಕಂಡಿಲ್ಲ. ಎದ್ದು ಅವರ ಕಣ್ಣಿಗೆ ಬೀಳದೆ ಹೋಗಿಬಿಡಬಹುದು, ಇಲ್ಲ ಕೂಗಿ ಅಲ್ಲೇ ನಿಲ್ಲಿಸಿ, ಕೆಲಸ ಹೋದದ್ದು ಹೇಳಿ—